ಥೈರಾಯ್ಡ್ ಅಲ್ಲ

ಪಿರೋತ್ ಊರಿನ ಯಾಗೊದಾಳಿಗೆ ಈ ಲೋಕದಲ್ಲಿ ಇದ್ದವನು ಒಬ್ಬನೇ ಶತ್ರು. ಅತ್ತೆಯಲ್ಲ, ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನಾದಿನಿಯೂ ಅಲ್ಲ, ನಾದಿನಿಯ ವಿಚಾರ ಮುಂದೆ ಬರುತ್ತದೆ. ಯಾಗೊದಾಳ ಶತ್ರು ಹಾಯುಗಾಳಿ. ಎದುರುಬದುರಿನ ಎರಡು ಕಿಟಕಿ ಒಟ್ಟಿಗೆ ತೆರೆದರೆ ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಡುವ, ಹೊರಡುವ ಮುಂಚೆ ದಾರಿಯಲ್ಲಿ ಕೂತವರ ಕಿವಿಗೊಂದು, ಕತ್ತಿಗೊಂದು, ಸೊಂಟಕ್ಕೊಂದು ಏಟು ಕೊಟ್ಟೇ ಹೋಗುವ ಗಾಳಿ. ಇದು ಅವಳೊಬ್ಬಳ ಹುಚ್ಚು ಎಂದುಕೊಳ್ಳಬೇಡಿ. ಸೆರ್ಬಿಯಾದಲ್ಲಿ ಯಾವ ತಾಯಿಯನ್ನು ಬೇಕಾದರೂ ಕೇಳಿ, ಯುದ್ಧದಲ್ಲಿ ಸತ್ತವರಿಗಿಂತ ಹಾಯುಗಾಳಿಗೆ ಸತ್ತವರೇ ಹೆಚ್ಚು ಎನ್ನುತ್ತಾಳೆ. ಸ್ವೀಡನ್ನಿನವರು ಚಳಿಗಾಲದಲ್ಲೂ ಕಿಟಕಿ ತೆರೆದು ಮಲಗುತ್ತಾರಂತೆ, ಅವರಿಗೇನೂ ಆಗುವುದಿಲ್ಲವಂತೆ. ಅವರ ಗಾಳಿಯ ಜಾತಿಯೇ ಬೇರೆ ಇರಬೇಕು ಎಂದು ನಾವು ಆ ಚರ್ಚೆಯನ್ನು ಅಲ್ಲಿಗೇ ಬಿಟ್ಟಿದ್ದೇವೆ.

ನೆವೆನಾ ಅವಳ ಒಬ್ಬಳೇ ಮಗಳು. ಒದ್ದೆ ಕೂದಲಲ್ಲಿ ಹೊಸಿಲು ದಾಟಬಾರದು, ಬರಿಗಾಲಲ್ಲಿ ಟೈಲ್ಸಿನ ಮೇಲೆ ಓಡಾಡಬಾರದು, ಸಿಮೆಂಟು ಕಟ್ಟೆಯ ಮೇಲೆ ಕೂತರೆ ಹೊಟ್ಟೆಯೊಳಗೆ ಥಂಡಿ ಏರಿ ಮುಂದೆ ಮಕ್ಕಳಾಗುವುದಿಲ್ಲ. ಇಷ್ಟು ಶಾಸ್ತ್ರವನ್ನು ಅವಳು ಅಕ್ಷರ ಕಲಿಯುವ ಮೊದಲೇ ಬಾಯಿಪಾಠ ಮಾಡಿದ್ದಳು. ಅಪ್ಪ ಮಿರೊಲ್ಯೂಬ್ ಫ್ರಿಜ್ಜು ರಿಪೇರಿಯವನು. ಹಗಲೆಲ್ಲ ಊರಿಗೆ ತಂಪು ಹಂಚಿ ಬಂದವನಿಗೆ ಮನೆಯೊಳಗೆ ಕಾಲಿಟ್ಟ ಕೂಡಲೇ ಉಣ್ಣೆಯ ಬನಿಯನ್ನು. ಅವನು ಮಾತು ಕಡಿಮೆ ಆಡುತ್ತಿದ್ದ. ಆಡುವ ಅವಕಾಶ ಅದಕ್ಕಿಂತ ಕಡಿಮೆ ಸಿಗುತ್ತಿತ್ತು.

ಇಂಥ ಮನೆಯ ಹುಡುಗಿ ನಿಶ್ ನಗರಕ್ಕೆ ಓದಲು ಹೋಗಿ ಆರಿಸಿಕೊಂಡದ್ದು ಏನನ್ನು? ಕಾರ್ಖಾನೆಗಳಲ್ಲಿ ಕೆಲಸಗಾರರ ಕೈಕಾಲು, ಕಣ್ಣು, ಶ್ವಾಸಕೋಶ ಹಾಳಾಗದ ಹಾಗೆ ನೋಡಿಕೊಳ್ಳುವ ವಿದ್ಯೆಯನ್ನು.

"ಅಲ್ಲಿ ಏನು ಕಲಿಸ್ತಾರೆ ಮಗಾ?" ಎಂದಳು ಯಾಗೊದಾ, ಸೂಟ್‌ಕೇಸಿಗೆ ಉಣ್ಣೆ ಕಾಲುಚೀಲ ತುರುಕುತ್ತಾ.

"ತುಂಬ ಕಲಿಸ್ತಾರಮ್ಮ. ಮೊದಲ್ನೇದು, ಒಂದು ಕಟ್ಟಡದ ಒಳಗೆ ಗಾಳಿ ಹೇಗೆ ಆಡಿಸ್ಬೇಕು ಅಂತ."

ಯಾಗೊದಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಗಾಳಿ ಆಡಿಸೋಕೂ ಕಾಲೇಜಾ! ಮುಚ್ಚೋದು ಕಲಿಸೋ ಕಾಲೇಜು ಎಲ್ಲೂ ಸಿಗ್ಲಿಲ್ವಾ ನಿಂಗೆ?"

ನಿಶ್‌ನ ಹಾಸ್ಟೆಲ್ಲಿನಲ್ಲಿ ಅವಳ ಕೋಣೆಗೆ ಜೊತೆಯಾದವಳು ಆಲ್ಮಾ. ನೋವಿ ಪಜಾರ್ ಊರಿನ ಮುಸ್ಲಿಂ ಹುಡುಗಿ, ಗಣಿತ ಓದುತ್ತಿದ್ದವಳು, ನಾಲಿಗೆ ಮಾತ್ರ ವಕೀಲರದ್ದು. ಮೊದಲ ವರ್ಷ ಚೆನ್ನಾಗಿಯೇ ಕಳೆಯಿತು. ವಾರ ವಾರ ಪಿರೋತಿನ ಬಸ್ಸಿನ ಡ್ರೈವರನ ಕೈಯಲ್ಲಿ ಯಾಗೊದಾಳ ಬುತ್ತಿ ಬರುತ್ತಿತ್ತು. ಹುಳಿ ಕೋಸಿನ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತಿ ಬೇಯಿಸಿದ ಸಾರ್ಮಾ, ಸುಟ್ಟ ಕೆಂಪು ಮೆಣಸಿನಕಾಯಿಯ ಚಟ್ನಿಯಂಥ ಅಯ್ವಾರ್, ಮತ್ತೆ ಆಲ್ಮಾಳಿಗೆಂದು ಬೇರೆ ಪಾತ್ರೆಯಲ್ಲಿ ಹಂದಿಮಾಂಸ ಹಾಕದ ಸಾರ್ಮಾ. "ನಿಮ್ಮಮ್ಮ ನನ್ನ ಧರ್ಮಾನ ನನಗಿಂತ ಚೆನ್ನಾಗಿ ಪಾಲಿಸ್ತಾರೆ ಕಣೇ" ಎಂದು ಆಲ್ಮಾ ಎರಡೂ ಪಾತ್ರೆಯ ಮುಚ್ಚಳ ಮೂಸುತ್ತಿದ್ದಳು.

ಎರಡನೇ ವರ್ಷದ ಜೂನ್ ತಿಂಗಳ ಪರೀಕ್ಷೆಯಲ್ಲಿ ಅದು ಆಯಿತು. ನಮ್ಮ ಕಾಲೇಜುಗಳಲ್ಲಿ ಬರೆದರೆ ಸಾಲದು, ಪ್ರೊಫೆಸರರ ಎದುರು ಕೂತು ಬಾಯಲ್ಲೂ ಹೇಳಬೇಕು. ಮೇಜಿನ ಮೇಲೆ ಪ್ರಶ್ನೆಯ ಚೀಟಿಗಳು ಬೋರಲು ಬಿದ್ದಿರುತ್ತವೆ. ಒಂದನ್ನು ಎತ್ತಿಕೊಳ್ಳುವುದು, ಹಣೆಬರಹ ಓದಿಕೊಳ್ಳುವುದು. ನೆವೆನಾ ಎತ್ತಿದ್ದು ಎಲ್ಲಕ್ಕಿಂತ ಸುಲಭದ ಚೀಟಿ: ಮುಚ್ಚಿದ ಕೋಣೆಯಲ್ಲಿ ಮನುಷ್ಯನಿಗೆ ಎಷ್ಟು ಗಾಳಿ ಬೇಕು, ಅದನ್ನು ಹೇಗೆ ಒದಗಿಸಬೇಕು. ಈ ಉತ್ತರ ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು. ಪ್ರೊಫೆಸರರು ಕೆಟ್ಟವರೂ ಅಲ್ಲ. ಮಧ್ಯಾಹ್ನದ ಊಟವನ್ನು ನೆನೆಯುತ್ತಾ ಆಕಳಿಸುವ, ಮೀಸೆಯೊಳಗೇ ನಗುವ ಮನುಷ್ಯ.

"ಹೇಳಮ್ಮ" ಅಂದರು.

ನೆವೆನಾ ಬಾಯಿ ತೆರೆದಳು. ಎದೆಯ ಮೇಲೆ ಯಾರೋ ಫ್ರಿಜ್ಜು ಇಳಿಸಿದ ಹಾಗಾಯಿತು. ಬೆರಳ ತುದಿ ಜೋಮು ಹಿಡಿಯಿತು, ಕಿವಿಯಲ್ಲಿ ಗುಂಯ್ ಎಂದಿತು. ಕಣ್ಣೆದುರಿನ ಮೀಸೆ ದೂರ ದೂರ ಸರಿಯುತ್ತಾ ಹೋಯಿತು. ಸಾಯುತ್ತಿದ್ದೇನೆ ಎಂದು ಅವಳಿಗೆ ಸ್ಪಷ್ಟವಾಗಿ ಅನಿಸಿತು. ಅದಕ್ಕಿಂತ ಸ್ಪಷ್ಟವಾಗಿ ಅನಿಸಿದ್ದು, ಸಾಯುವುದಾದರೆ ಇವರ ಮುಂದೆ ಬೇಡ ಎಂದು. ಎದ್ದು ಓಡಿದಳು. ಕೋಣೆಗೆ ಎಷ್ಟು ಗಾಳಿ ಬೇಕೆಂದು ಹೇಳಬೇಕಾದವಳು ಆ ಕೋಣೆಯಲ್ಲೇ ಉಸಿರಿಲ್ಲದೆ ಓಡಿಹೋದದ್ದು ಕಾಲೇಜಿನಲ್ಲಿ ಒಂದು ವಾರ ನಗೆಯ ಮಾತಾಯಿತು. ನಕ್ಕವರೆಲ್ಲ ಕೆಟ್ಟವರಲ್ಲ. ಆದರೆ ನಕ್ಕರು.

ಅಲ್ಲಿಂದ ಮುಂದೆ ಅದು ಕರೆಯದೆ ಬರುವ ನೆಂಟನಾಯಿತು. ಬಸ್ಸಿನಲ್ಲಿ ಬಂತು, ಮೆಸ್ಸಿನ ಸಾಲಿನಲ್ಲಿ ಬಂತು, ಹಲ್ಲುಜ್ಜುವಾಗಲೂ ಬಂತು. ನೆವೆನಾ ಬಸ್ಸು ಬಿಟ್ಟಳು, ಮೆಸ್ಸು ಬಿಟ್ಟಳು, ಹಾಸಿಗೆ ಹಿಡಿದಳು. ಅವಳ ಜೊತೆ ಓಡಾಡುತ್ತಿದ್ದ ರಾಸ್ತ್ಕೊ ಎಂಬ ಎತ್ತರದ ಹುಡುಗ ನೋಡಲು ಬಂದ. ಮಂಚದ ತುದಿಯಲ್ಲಿ ಕೂತು, ಮೊಣಕಾಲು ಮಡಚಲು ಜಾಗವಿಲ್ಲದೆ ಒದ್ದಾಡಿ, ಕೊನೆಗೆ ಹೇಳಿದ: "ಇದೆಲ್ಲ ನಿನ್ನ ತಲೇಲಿ ಇರೋದು ಅಷ್ಟೆ. ತಲೆ ಕೆಡಿಸ್ಕೋಬೇಡ, ಬಾ, ಕಾಫಿ ಕುಡಿಯೋಣ."

"ತಲೇಲೇ ಇರೋದು ರಾಸ್ತ್ಕೊ. ಆದ್ರೆ ತಲೆ ನಂದು. ಅದನ್ನ ಕಳಚಿಟ್ಟು ಕಾಫಿಗೆ ಬರಕ್ಕಾಗಲ್ಲ."

ಅವನು ಕಾಫಿಗೆ ಹೋದ. ಮತ್ತೆ ಬರಲಿಲ್ಲ. ನೆವೆನಾ ಎರಡು ದಿನ ಅತ್ತಳು, ಮೂರನೆಯ ದಿನ ಅವನು ಹಿಂದೆಂದೋ ಬಿಟ್ಟುಹೋಗಿದ್ದ ಅಂಗಿಯಲ್ಲಿ ಕನ್ನಡಿ ಒರೆಸಿದಳು.

ಬುತ್ತಿ ಮಾತ್ರ ಬರುತ್ತಲೇ ಇತ್ತು. ಒಂದು ದಿನ ಆಲ್ಮಾ ಹುಳಿವಾಸನೆ ಹಿಡಿದು ಹೋಗಿ ನೋಡಿದರೆ ನೆವೆನಾಳ ಮಂಚದ ಕೆಳಗೆ ಮುಟ್ಟದ ಸಾರ್ಮಾದ ಮೂರು ಪಾತ್ರೆ.

"ಲೇ, ಇದು ಸಣ್ಣ ಕಾಯಿಲೆ ಅಲ್ಲ ಕಣೇ" ಎಂದಳು ಆಲ್ಮಾ. ಅವಳ ದನಿಯಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ. "ಪರೀಕ್ಷೆ ಬಿಟ್ಟೆ, ಹುಡುಗನ್ನ ಬಿಟ್ಟೆ, ಹೋಗ್ಲಿ ಅಂದ್ಕೊಂಡೆ. ನಿಮ್ಮಮ್ಮನ ಸಾರ್ಮಾ ಬಿಟ್ಟಿದೀಯ ಅಂದ್ರೆ ನಾನು ಸುಮ್ನಿರಲ್ಲ. ಮನೆಗೆ ಫೋನ್ ಮಾಡು, ಇಲ್ದಿದ್ರೆ ನಾನು ಮಾಡ್ತೀನಿ."

ನೆವೆನಾ ಫೋನ್ ಮಾಡಿದಳು. "ಅಮ್ಮಾ, ನಂಗೆ ಉಸಿರಾಡಕ್ಕಾಗ್ತಿಲ್ಲ."

ಆ ಕಡೆಯಿಂದ ಯಾಗೊದಾ ಕೇಳಿದಳು: "ಕೂದಲು ಒದ್ದೆ ಇತ್ತಾ?"

ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಅವಳು ನಿಶ್‌ನಲ್ಲಿ ಇಳಿದಳು. ಒಂದು ಕೈಯಲ್ಲಿ ಕೋಳಿ ಸೂಪಿನ ಪಾತ್ರೆ, ಇನ್ನೊಂದರಲ್ಲಿ ಹತ್ತಿ, ಅಂಟುಪಟ್ಟಿ, ಒಂದು ಬಾಟಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿ. ರಾಕಿಯಾ ಕುಡಿಯುವುದಕ್ಕಲ್ಲ, ಎದೆಗೆ ತಿಕ್ಕುವುದಕ್ಕೆ. ಕೋಣೆಯೊಳಗೆ ಬಂದವಳು ಮಗಳ ಮುಖವನ್ನೂ ನೋಡಲಿಲ್ಲ, ನೇರ ಕಿಟಕಿಗೆ ಹೋದಳು. ಚೌಕಟ್ಟಿನ ಉದ್ದಕ್ಕೂ ಬೆರಳಾಡಿಸಿ, ಕೆನ್ನೆಯೊಡ್ಡಿ ಪರೀಕ್ಷಿಸಿ, ಕಳ್ಳನನ್ನು ಹಿಡಿದ ಪೊಲೀಸಿನಂತೆ ತಿರುಗಿದಳು.

"ಇಲ್ಲಿಂದ! ಇಲ್ಲಿಂದ ಬರ್ತಿದಾನೆ!"

"ಯಾರಮ್ಮ?"

"ಇನ್ಯಾರು. ನಿನ್ನ ದಿಂಬಿಗೆ ನೇರ. ಆಲ್ಮಾ, ಕುರ್ಚಿ ಹಿಡ್ಕೋ ಮಗಾ."

ಆಲ್ಮಾ ಕುರ್ಚಿ ಹಿಡಿದಳು. ಯಾಗೊದಾ ಹತ್ತಿ ತುರುಕಿ, ಮೇಲೆ ಪಟ್ಟಿ ಅಂಟಿಸಿ, ಆ ಕಿಟಕಿಯನ್ನು ಸಮಾಧಿಯ ಕಲ್ಲಿನಂತೆ ಮುಚ್ಚಿದಳು. ಹೊರಗೆ ಜುಲೈ ತಿಂಗಳ ಬಿಸಿಲು ಡಾಂಬರು ಕರಗಿಸುತ್ತಿತ್ತು. ಒಳಗೆ ಮೂವರು ಹೆಂಗಸರು ರಾಕಿಯಾದ ಘಾಟಿನಲ್ಲಿ ಬೆವರುತ್ತಾ ಕೂತರು. ಯಾಗೊದಾ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಈಗ ಹೇಗಿದೆ?" ಎಂದಾಗ ನೆವೆನಾ ಸುಳ್ಳು ಹೇಳಿದಳು: "ಪರವಾಗಿಲ್ಲಮ್ಮ." ತಾಯಿಯ ಕೈ ಹಿತವಾಗಿತ್ತು, ಅದೊಂದು ನಿಜ.

ಬೇಸಿಗೆ ರಜೆಗೆ ಊರಿಗೆ ಹೋದಾಗಲೂ ಆ ನೆಂಟ ಅವಳ ಜೊತೆಗೇ ಹೋದ. ಆಗ ಕಣಕ್ಕಿಳಿದವಳು ನೆವೆನಾಳ ಸೋದರತ್ತೆ ರಾದ್ಮಿಲಾ, ಮಿರೊಲ್ಯೂಬನ ಅಕ್ಕ, ಯಾಗೊದಾಳ ಆ ನಾದಿನಿ. ಊರಿನಲ್ಲಿ ಯಾರಿಗೆ ಯಾವ ಕಾಯಿಲೆ ಬಂದರೂ ವೈದ್ಯರಿಗಿಂತ ಮೊದಲು ತಿಳಿಯಬೇಕು ಎನ್ನುವುದು ಅವಳ ಬದುಕಿನ ನಿಯಮ.

"ಗಾಳಿ ಅಲ್ಲಮ್ಮ ಯಾಗೊದಾ ಇದು" ಎಂದು ನಾದಿನಿ ಅತ್ತಿಗೆಯರ ಹಳೇ ಜಗಳದ ಲೆಕ್ಕವನ್ನು ಪಕ್ಕಕ್ಕಿಟ್ಟು ತೀರ್ಪು ಕೊಟ್ಟಳು. "ಹುಡುಗಿ ಎಲ್ಲೋ ಬೆಚ್ಚಿಬಿದ್ದಿದಾಳೆ. ಭಯ ಒಳಗೆ ಕೂತಿದೆ. ಸೀಸ ಸುರಿಸ್ಬೇಕು."

ಪಕ್ಕದ ಹಳ್ಳಿಯ ಯೆಲಿಚ್ಕಾ ಅಜ್ಜಿ ಸೀಸ ಸುರಿಯುವುದರಲ್ಲಿ ಹೆಸರುವಾಸಿ. ನೆವೆನಾಳನ್ನು ಮುಕ್ಕಾಲಿಯ ಮೇಲೆ ಕೂರಿಸಿ, ತಲೆಗೆ ಕೆಂಪು ಬಟ್ಟೆ ಹೊದಿಸಿ, ಅದರ ಮೇಲೆ ನೀರಿನ ಬಟ್ಟಲು ಹಿಡಿಸಿದರು. ಅಜ್ಜಿ ಏನೋ ಗುನುಗುತ್ತಾ ಕರಗಿದ ಸೀಸವನ್ನು ನೀರಿಗೆ ಸುರಿದಾಗ ತಲೆಯ ಮೇಲೆ ಛುಂಯ್ ಎಂದ ಸದ್ದಿಗೆ ಅಲ್ಲಿಯವರೆಗೆ ಇಲ್ಲದ ಭಯವೂ ನೆವೆನಾಳೊಳಗೆ ಹೊಕ್ಕಿತು. ಗಡ್ಡೆಗಟ್ಟಿದ ಸೀಸವನ್ನು ಅಜ್ಜಿ ಬೆಳಕಿಗೆ ಹಿಡಿದಳು.

"ನಾಯಿ" ಎಂದಳು.

"ನಾಯಿ!" ಎಂದು ರಾದ್ಮಿಲಾ ಅತ್ತೆ ತೊಡೆ ತಟ್ಟಿದಳು. "ಹೇಳ್ಲಿಲ್ವಾ ನಾನು? ಚಿಕ್ಕೋಳಿದ್ದಾಗ ಒಂದು ನಾಯಿ ಅಟ್ಟಿಸ್ಕೊಂಡು ಬಂದಿತ್ತಲ್ಲ, ಮಿರೊಲ್ಯೂಬ್?"

ಮಿರೊಲ್ಯೂಬ್ ಟೋಪಿ ತೆಗೆದು ಯೋಚಿಸಿದ. "ಅದು ಅಟ್ಟಿಸ್ಕೊಂಡು ಬಂದಿದ್ದು ನನ್ನನ್ನ ಅಕ್ಕಾ. ಕಚ್ಚಿದ್ದೂ ನನ್ನನ್ನೇ."

"ನೋಡ್ದೋಳು ಇವಳಲ್ವಾ? ಅಷ್ಟೇ ಸಾಕು."

ನೆವೆನಾ ಆ ಸೀಸದ ಗಡ್ಡೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. ನಾಯಿ ಕಾಣಲಿಲ್ಲ. ಬೂದು ಬಣ್ಣದ, ಅಂಕುಡೊಂಕಿನ, ಯಾವುದರಂತೆಯೂ ಇಲ್ಲದ ಒಂದು ಭಾರ. ತನ್ನ ಎದೆಯಲ್ಲಿ ಇರುವುದೂ ಹೀಗೇ ಇದ್ದೀತು ಎನಿಸಿತು. ಅಜ್ಜಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ತನ್ನ ಮೇಲೆ. ಒಬ್ಬರು ಗಾಳಿ ಎಂದಾಗ ಹೂಂ ಎಂದೆ, ಇನ್ನೊಬ್ಬರು ನಾಯಿ ಎಂದಾಗಲೂ ಹೂಂ ಎನ್ನುತ್ತೇನಾ? ಹೀಗೆ ಹೂಂಗುಟ್ಟುತ್ತಾ ಎಷ್ಟು ದಿನ ಮಲಗಿರುವುದು?

"ಇನ್ನೆರಡು ಸಲ ಬರ್ಬೇಕು ಕೂಸೇ" ಎಂದಳು ಯೆಲಿಚ್ಕಾ ಅಜ್ಜಿ.

"ಬರಲ್ಲ ಅಜ್ಜಿ" ಎಂದಳು ನೆವೆನಾ. "ನಿಮ್ಮ ಕೈ ಒಳ್ಳೇದು, ತಪ್ಪು ತಿಳ್ಕೋಬೇಡಿ. ನಂಗೆ ನಾಯಿ ಕಂಡ್ರೆ ಭಯ ಇಲ್ಲ. ನಂಗೆ ಏನು ಕಂಡ್ರೆ ಭಯ ಅಂತ ನಾನೇ ಹೋಗಿ ಕೇಳ್ಕೊಂಡು ಬರ್ತೀನಿ."

"ಯಾರ ಹತ್ರ ಕೇಳ್ತೀಯೇ?" ಎಂದಳು ರಾದ್ಮಿಲಾ ಅತ್ತೆ.

"ಡಾಕ್ಟರ ಹತ್ರ. ಮನಸ್ಸಿನ ಡಾಕ್ಟರ ಹತ್ರ."

ರಾದ್ಮಿಲಾ ಅತ್ತೆ ಸುತ್ತ ನೋಡಿದಳು, ಯಾರಿಗಾದರೂ ಕೇಳಿಸಿತೇನೋ ಎಂದು. ಅಂಗಳದಲ್ಲಿ ಎರಡು ಬಾತುಕೋಳಿ ಬಿಟ್ಟರೆ ಯಾರೂ ಇರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಮನಸ್ಸಿಗೆ ನರ ಎನ್ನುತ್ತೇವೆ, ನರಗಳ ಮಾತಿಲ್ಲದೆ ಯಾವ ಮನೆಯಲ್ಲೂ ಒಂದು ಹೊತ್ತಿನ ಊಟ ಮುಗಿಯುವುದಿಲ್ಲ. ಗಂಡ ಹೆಂಡತಿಯ ನರ ತಿನ್ನುತ್ತಾನೆ, ಮಕ್ಕಳು ತಾಯಿಯ ನರ ಕುಡಿಯುತ್ತಾರೆ, ಸರ್ಕಾರ ಎಲ್ಲರ ನರವನ್ನೂ ಒಟ್ಟಿಗೆ ಅಗಿಯುತ್ತದೆ. ಇಷ್ಟೆಲ್ಲ ತಿಂದುಹಾಕಿದ ಮೇಲೂ ಉಳಿದ ಚೂರನ್ನು ಡಾಕ್ಟರಿಗೆ ತೋರಿಸುವುದು ಮಾತ್ರ ಮನೆತನಕ್ಕೆ ಕಳಂಕ.

ನಿಶ್‌ನ ಡಾಕ್ಟರ್ ಪೆಶಿಚ್ ಗಿಡ್ಡನೆಯ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವ ಹೆಂಗಸು. ನೆವೆನಾ ಹೇಳಿದ್ದನ್ನೆಲ್ಲ ಕೇಳಿದರು. ಚೀಟಿ, ಮೀಸೆ, ಬಸ್ಸು, ಸಾರ್ಮಾ ಎಲ್ಲ. ಹತ್ತಿಯ ವಿಚಾರ ಬಂದಾಗ ಮಾತ್ರ ತುಟಿ ಕಚ್ಚಿಕೊಂಡು "ನಮ್ಮಮ್ಮನೂ ಹಾಗೇ" ಎಂದರು.

ಆಮೇಲೆ ಹೇಳಿದರು: "ನೀವು ಸಾಯಲ್ಲ. ಅದನ್ನ ಮೊದಲು ಹೇಳ್ಬಿಡ್ತೀನಿ. ಬಂದಾಗ ಸತ್ತೇ ಹೋದ್ವಿ ಅನ್ಸುತ್ತೆ, ಹೋಗುತ್ತೆ. ಇದಕ್ಕೆ ಹೆಸರಿದೆ, ಔಷಧಿ ಇದೆ, ಮಾತಾಡಿ ಮಾತಾಡಿ ಇಳಿಸ್ಕೊಳ್ಳೋ ದಾರಿನೂ ಇದೆ. ಆದ್ರೆ ಒಂದು ವಾರದಲ್ಲಿ ಅಲ್ಲ. ಈ ವರ್ಷ ಓದು ನಿಲ್ಲಿಸಿ. ವಾರಕ್ಕೊಂದು ಸಲ ಬನ್ನಿ. ಜಾಗ ಕಳ್ಕೊಳ್ಳದ ಹಾಗೆ ಕಾಲೇಜಿಗೆ ನಾನು ಬರೆದುಕೊಡ್ತೀನಿ."

ಹೊರಗೆ ಕಾಯುತ್ತಿದ್ದ ಆಲ್ಮಾಳಿಗೆ ನೆವೆನಾ ಎಲ್ಲ ಹೇಳಿದಳು. ಆಲ್ಮಾ ಕೇಳಿದಳು: "ಹಾಗಾದ್ರೆ ನಿಂಗೆ ಹುಚ್ಚಲ್ವಾ?"

"ಅಲ್ವಂತೆ."

"ನಿಂಗೆ ಪ್ರಮಾಣಪತ್ರ ಸಿಕ್ತು. ನಂಗೆ ಅದೂ ಇಲ್ಲ" ಎಂದು ಆಲ್ಮಾ ಅವಳ ಕೈ ಹಿಡಿದು ಬಸ್ಸಿಗೆ ಹತ್ತಿಸಿದಳು, ಇಳಿಯುವವರೆಗೂ ಬಿಡಲಿಲ್ಲ.

ಗುಳಿಗೆ ಒಗ್ಗಲು ಕೆಲವು ವಾರ ಹಿಡಿಯಿತು. ನೆಂಟ ಬರುವುದು ನಿಲ್ಲಲಿಲ್ಲ. ಆದರೆ ಬಂದಾಗ ನೆವೆನಾ ಓಡುವುದನ್ನು ನಿಲ್ಲಿಸಿದಳು. ಬಾ, ಕೂರು, ಎಷ್ಟು ಹೊತ್ತು ಕೂರುತ್ತೀಯೋ ನೋಡೋಣ ಎಂದು ಉಸಿರು ಎಣಿಸುತ್ತಿದ್ದಳು. ಕರೆಯದೆ ಬಂದವರಿಗೂ ಬೇಸರವಾಗುತ್ತದೆ, ಎದ್ದು ಹೋಗುತ್ತಾರೆ.

ಕಷ್ಟ ಇದ್ದದ್ದು ಪಿರೋತಿನಲ್ಲಿ. ನವೆಂಬರ್ ಮೊದಲಲ್ಲಿ ಮಿತ್ರೋವ್‌ದಾನ್, ಸಂತ ದಿಮಿತ್ರಿಯ ದಿನ. ಅದು ಮಿರೊಲ್ಯೂಬನ ಮನೆತನದ ಸ್ಲಾವಾ. ಮುತ್ತಜ್ಜನ ಕಾಲದಿಂದ ಕುಲವನ್ನು ಕಾಯುವ ಸಂತನ ಹಬ್ಬಕ್ಕೆ ನಾವು ಯಾರನ್ನೂ ಕರೆಯುವುದಿಲ್ಲ. ಬರಬೇಕಾದವರಿಗೆ ಗೊತ್ತು, ಬರುತ್ತಾರೆ. ಕರೆಯದವರನ್ನು ಬರಬೇಡಿ ಎನ್ನುವುದು ಹೇಗೆ? ಬಂದವರು ಕೇಳುವ ಮೊದಲ ಪ್ರಶ್ನೆಯೂ ಗೊತ್ತು: ಹುಡುಗಿಯ ಓದು ಎಲ್ಲಿಗೆ ಬಂತು?

ಅದಕ್ಕೆ ಯಾಗೊದಾ ಮತ್ತು ರಾದ್ಮಿಲಾ, ಜೀವನದಲ್ಲಿ ಮೊದಲ ಸಲ ಒಂದೇ ಪಕ್ಷಕ್ಕೆ ಸೇರಿ, ಉತ್ತರ ಸಿದ್ಧಪಡಿಸಿದ್ದರು.

"ಥೈರಾಯ್ಡ್ ಅಂತ ಹೇಳೋದು" ಎಂದಳು ಯಾಗೊದಾ ಫೋನಿನಲ್ಲಿ.

"ಯಾರಿಗೆ ಥೈರಾಯ್ಡ್?"

"ನಿಂಗೆ. ಒಳ್ಳೇ ಕಾಯಿಲೆ ಮಗಾ. ನಮ್ಮ ಬೀದೀಲಿ ಅರ್ಧ ಜನಕ್ಕೆ ಇದೆ. ಯಾರೂ ಏನೂ ಅಂದ್ಕೊಳಲ್ಲ."

"ನಂಗೆ ಥೈರಾಯ್ಡ್ ಇಲ್ಲಮ್ಮ. ರಕ್ತ ಪರೀಕ್ಷೆ ಆಗಿದೆ, ಸರಿಯಾಗಿದೆ."

"ಸರಿಯಾಗಿದೆ ಅಂತ ಯಾರಿಗೆ ಗೊತ್ತಾಗುತ್ತೆ? ಒಂದು ದಿನದ ಮಾತು ಕಣೇ. ನಾಳೆ ನಿಂಗೊಂದು ಸಂಬಂಧ ನೋಡ್ಬೇಕು. ತಲೆ ಸರಿ ಇಲ್ಲದ ಹುಡುಗೀನ ಯಾರು ಮಾಡ್ಕೊಳ್ತಾರೆ?"

"ಥೈರಾಯ್ಡ್ ಇಲ್ದೇ ಇದೆ ಅನ್ನೋಳನ್ನ ಯಾರು ಮಾಡ್ಕೊಳ್ತಾರೆ?"

"ಹಾಗಾದ್ರೆ ಬರಬೇಡ!" ಯಾಗೊದಾಳ ದನಿ ಏರಿತು. "ಪರೀಕ್ಷೆ ಇದೆ, ಬರಲಿಲ್ಲ ಅಂತೀನಿ. ಥೈರಾಯ್ಡ್ ಅಂತ ಹೇಳೋದಾದ್ರೆ ಬಾ, ಇಲ್ದಿದ್ರೆ ಅಲ್ಲೇ ಇರು."

ತಾಯಿ ಫೋನ್ ಇಟ್ಟ ಮೇಲೆ ನೆವೆನಾ ಲೆಕ್ಕ ಹಾಕಿದಳು. ಒಂದು ಸುಳ್ಳು ಹೇಳಿದರೆ ಮನೆ, ಬೆಳಕು, ಗೋಧಿ ಪ್ರಸಾದ, ತಾಯಿಯ ತೊಡೆ. ಹೇಳದಿದ್ದರೆ ಹಾಸ್ಟೆಲ್ಲಿನ ಮೆಸ್ಸು. ಆದರೆ ಈ ಸುಳ್ಳು ಹೇಳಿದರೆ, ಪ್ರತಿ ಗುರುವಾರ ಡಾಕ್ಟರ ಮುಂದೆ ಕೂತು ಕಷ್ಟಪಟ್ಟು ಎದೆಯಿಂದ ಕಿತ್ತು ಹೊರಗಿಟ್ಟದ್ದನ್ನೆಲ್ಲ ಮತ್ತೆ ಒಳಗೇ ನುಂಗಬೇಕು. ಈಗಷ್ಟೇ ಉಸಿರು ಬಂದಿದೆ. ಅದನ್ನು ಯಾರ ಮರ್ಯಾದೆಗಾಗಿ ಬಿಡುವುದು?

"ಬರ್ತೀನಿ" ಎಂದು ತಿರುಗಿ ಫೋನ್ ಮಾಡಿದಳು. "ಸುಳ್ಳು ಹೇಳಲ್ಲ."

ಯಾಗೊದಾ ಅದರಲ್ಲಿ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡಳು. ತಾಯಂದಿರ ಕಿವಿ ಹಾಗೇ.

ಸ್ಲಾವಾದ ದಿನ ಮನೆ ತುಂಬಿತ್ತು. ಸಂತನ ಚಿತ್ರಪಟದ ಮುಂದೆ ಉದ್ದನೆಯ ಮೇಣದಬತ್ತಿ ಉರಿಯುತ್ತಿತ್ತು, ಪಾದ್ರಿ ರೊಟ್ಟಿ ಮುರಿದು ಹೋಗಿದ್ದರು. ಆ ದಿನ ಮನೆಯ ಯಜಮಾನ ಕೂರುವ ಹಾಗಿಲ್ಲ, ಸಂತನ ಗೌರವಕ್ಕೆ ನಿಂತೇ ಬಡಿಸಬೇಕು. ಮಿರೊಲ್ಯೂಬ್ ಕೋಟು ತೊಟ್ಟು, ಪಾತ್ರೆ ಹಿಡಿದು, ಗೋಡೆಯ ಪಕ್ಕ ಫ್ರಿಜ್ಜಿನಂತೆಯೇ ನಿಂತಿದ್ದ. ಮೇಜಿನ ಮುಖ್ಯ ಕುರ್ಚಿಯಲ್ಲಿ ವಿದೋಯೆ, ಮಿರೊಲ್ಯೂಬನ ಮದುವೆಗೆ ಸಾಕ್ಷಿ ನಿಂತ ಧರ್ಮಬಂಧು. ಆ ಸ್ಥಾನ ನಮ್ಮಲ್ಲಿ ಒಡಹುಟ್ಟಿದ ಅಣ್ಣನಿಗಿಂತ ದೊಡ್ಡದು. ಯಾವ ಪಾತ್ರೆಯಾದರೂ ಮೊದಲು ಅವನ ತಟ್ಟೆಗೇ ಹೋಗಬೇಕು.

ವಿದೋಯೆ ಸಾಸೇಜಿನ ತುಂಡನ್ನು ಫೋರ್ಕಿಗೆ ಸಿಕ್ಕಿಸಿಕೊಂಡು ಕೇಳಿಯೇಬಿಟ್ಟ: "ಏನಮ್ಮ ನೆವೆನಾ, ಪದವಿ ಯಾವಾಗ? ನಮ್ಮ ಕಾರ್ಖಾನೆಗೆ ಯಾವಾಗ ಬರ್ತೀಯ ಗಾಳಿ ಬಿಡಕ್ಕೆ?"

"ಈ ವರ್ಷ ನಿಲ್ಲಿಸಿದಾಳೆ ಪಾಪ" ಎಂದಳು ಯಾಗೊದಾ, ನೆವೆನಾ ಬಾಯಿ ತೆರೆಯುವ ಮುಂಚೆಯೇ. "ಥೈರಾಯ್ಡ್."

ಒಳ್ಳೆಯ ಕಾಯಿಲೆಯೆಂದು ಅವಳು ಹೇಳಿದ್ದು ಸುಳ್ಳಲ್ಲ. ಮೇಜಿಗೆ ಕಳೆ ಬಂತು. ಒಬ್ಬಳು ಅಕ್ರೋಟನ್ನು ಜೇನಿನಲ್ಲಿ ನೆನೆಸಿ ತಿನ್ನು ಎಂದಳು. ಇನ್ನೊಬ್ಬಳು ತನ್ನ ಥೈರಾಯ್ಡಿನ ಗಾತ್ರವನ್ನು ಆಲೂಗಡ್ಡೆಯೊಂದನ್ನು ಎತ್ತಿ ಹಿಡಿದು ತೋರಿಸಿದಳು. ರಾದ್ಮಿಲಾ ಅತ್ತೆಗೆ ತಾನೇ ಹೆಣೆದ ಸುಳ್ಳಿನ ಮೇಲೆ ಎಷ್ಟು ಪ್ರೀತಿ ಬಂತೆಂದರೆ "ಎಡಗಡೇದು, ಎಡಗಡೇದು ಸ್ವಲ್ಪ ಊದಿದೆಯಂತೆ" ಎಂದು ನೆವೆನಾಳ ಕತ್ತಿಗೇ ಕೈ ಚಾಚಿದಳು.

ನೆವೆನಾ ಆ ಕೈಯನ್ನು ಮೆಲ್ಲನೆ ಸರಿಸಿದಳು. ಎದೆ ಹೊಡೆದುಕೊಳ್ಳುತ್ತಿತ್ತು. ನೆಂಟ ಬಾಗಿಲಲ್ಲಿ ನಿಂತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ನಿಂತಿರು, ನಿನ್ನ ವಿಷಯವೇ ಹೇಳುತ್ತಿದ್ದೇನೆ ಎಂದುಕೊಂಡಳು.

"ನನ್ನ ಥೈರಾಯ್ಡ್ ಚೆನ್ನಾಗಿದೆ" ಎಂದಳು. "ಈ ಮೇಜಲ್ಲಿ ಚೆನ್ನಾಗಿರೋದು ನಂದೊಂದೇ ಅನ್ಸುತ್ತೆ. ನಾನು ಓದು ನಿಲ್ಸಿದ್ದು ಮನಸ್ಸಿನ ಕಾಯಿಲೆಗೆ. ಪರೀಕ್ಷೆ ಮಧ್ಯೆ ಉಸಿರು ನಿಂತ ಹಾಗಾಗಿ ಓಡಿಬಂದೆ. ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಈಗ ಡಾಕ್ಟರ ಹತ್ರ ಹೋಗ್ತೀನಿ, ಗುಳಿಗೆ ತಗೊಳ್ತೀನಿ. ವಾಸಿ ಆಗೋವರೆಗೂ ಹೋಗ್ತೀನಿ. ವಾಸಿ ಆದ್ಮೇಲೆ ಅದೇ ಪರೀಕ್ಷೆ ಬರೀತೀನಿ."

ಆಲೂಗಡ್ಡೆ ಹಿಡಿದವಳು ಅದನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು.

"ಸಂತನ ಮೇಣದಬತ್ತಿ ಮುಂದೆ ಇಂಥ ಮಾತಾ!" ಎಂದಳು ರಾದ್ಮಿಲಾ ಅತ್ತೆ.

"ಅದರ ಮುಂದೆ ಸುಳ್ಳು ಹೇಳ್ಬಹುದಾ ಅತ್ತೆ?"

"ದೊಡ್ಡೋರಿಗೆ ಎದುರು ಮಾತು! ನೋಡಿದ್ಯಾ ಮಿರೊಲ್ಯೂಬ್ ನಿನ್ನ ಮಗಳನ್ನ?"

ಎಲ್ಲರೂ ಮಿರೊಲ್ಯೂಬನನ್ನು ನೋಡಿದರು. ಅವನು ಸಾರ್ಮಾದ ಪಾತ್ರೆ ಹಿಡಿದು ನಿಂತಿದ್ದ, ಬೆವರುತ್ತಿದ್ದ. ಆಮೇಲೆ ಮೇಜಿನ ಮುಖ್ಯ ಕುರ್ಚಿಯನ್ನು, ಚಾಚಿದ್ದ ವಿದೋಯೆಯ ತಟ್ಟೆಯನ್ನು ದಾಟಿ, ನೇರ ಮಗಳ ಬಳಿ ಬಂದು, ಮೊದಲ ಸಾರ್ಮಾವನ್ನು ಅವಳ ತಟ್ಟೆಗೆ ಹಾಕಿದ. ಎರಡನೆಯದನ್ನೂ ಹಾಕಿದ.

"ತಣ್ಣಗಾಗುತ್ತೆ" ಎಂದ.

ಧರ್ಮಬಂಧುವಿಗಿಂತ ಮೊದಲು ಮಗಳಿಗೆ! ಆ ಮನೆಯಲ್ಲಿ ಹಿಂದೆಂದೂ ನಡೆಯದ ಅನಾಹುತ. ವಿದೋಯೆ ಖಾಲಿ ತಟ್ಟೆಯನ್ನು ನೋಡಿದ, ನೆವೆನಾಳನ್ನು ನೋಡಿದ. ತಟ್ಟೆಯನ್ನು ಮೆಲ್ಲನೆ ಕೆಳಗಿಟ್ಟು "ನಾನು ಕಾಯ್ತೀನಪ್ಪ, ನಂಗೇನು ಅವಸರ" ಎಂದ. ನೆವೆನಾ ತಿಂದಳು. ಎರಡನ್ನೂ ತಿಂದಳು.

ರಾದ್ಮಿಲಾ ಅತ್ತೆ ಕೇಕು ಬರುವ ಮೊದಲೇ ಎದ್ದು ಹೋದಳು. ಅಡುಗೆಮನೆಯಲ್ಲಿ ಯಾಗೊದಾ ಪಾತ್ರೆಗಳನ್ನು ಶತ್ರುಗಳಂತೆ ತಿಕ್ಕುತ್ತಿದ್ದಳು.

"ನನ್ನ ನರ ಎಲ್ಲ ತಿಂದ್ಬಿಟ್ಟೆ" ಎಂದಳು ತಿರುಗದೆ.

"ಹಾಗಾದ್ರೆ ನೀನೂ ಬಾ ಡಾಕ್ಟರ ಹತ್ರ."

"ನಗಿಸ್ಬೇಡ ನನ್ನ! ಇನ್ನು ನಾನು ಬೀದೀಲಿ ತಲೆ ಎತ್ಕೊಂಡು ಹೇಗೆ ಓಡಾಡ್ಲಿ?"

"ನಾನು ಎದ್ದು ಓಡಾಡ್ತಿದೀನಲ್ಲಮ್ಮ. ಅದು ಬೇಡ್ವಾ ನಿಂಗೆ?" ನೆವೆನಾ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. "ಮುಂದಿನ ಸ್ಲಾವಾಕ್ಕೂ ಬರ್ತೀನಿ. ಕೇಳಿದ್ರೆ ಇದನ್ನೇ ಹೇಳ್ತೀನಿ. ಬರಬೇಡ ಅಂದ್ರೂ ಬರ್ತೀನಿ. ಸ್ಲಾವಾಕ್ಕೆ ಯಾರನ್ನೂ ಕರೆಯಲ್ವಲ್ಲ."

ಯಾಗೊದಾ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಆ ದಿನವೆಲ್ಲ ಮಗಳೊಂದಿಗೆ ಮಾತೇ ಆಡಲಿಲ್ಲ.

ಎರಡನೆಯ ದಿನ ಉಳಿದದ್ದನ್ನು ತಿನ್ನಲು ಅಕ್ಕಪಕ್ಕದವರು ಬರುವುದು ರೂಢಿ. ರಾದ್ಮಿಲಾ ಅತ್ತೆಯೂ ಬಂದಳು, ಮುನಿಸನ್ನು ಮನೆಯಲ್ಲಿ ಬಿಟ್ಟು, ಇಬ್ಬರು ನೆರೆಯವರನ್ನು ಜೊತೆಗೆ ಕರೆದುಕೊಂಡು. ಕಾಫಿ ಲೋಟ ಕೈಗೆ ಬಂದ ಮೇಲೆ ನಿಟ್ಟುಸಿರು ಬಿಟ್ಟಳು.

"ಏನ್ ಮಾಡೋದು ಯಾಗೊದಾ, ನಿನ್ನ ಹಣೇಲಿ ಬರ್ದಿತ್ತು. ಪಾಪ, ಇದ್ದ ಒಬ್ಳು ಮಗಳೂ ಹೀಗಾದ್ಳು. ಇನ್ನು ಇವಳನ್ನ ಜನರ ಮಧ್ಯೆ ಕೂರಿಸ್ಬೇಡ. ಬಂದೋರ ಮುಂದೆ ಒಳಗಿನ ಕೋಣೇಲಿ ಇರ್ಲಿ. ನಾನು ಒಳ್ಳೇದಕ್ಕೇ ಹೇಳ್ತಿರೋದು."

ಬಾಗಿಲ ಬಳಿ ಕೇಕು ಕತ್ತರಿಸುತ್ತಿದ್ದ ನೆವೆನಾ ಚಾಕು ಕೆಳಗಿಟ್ಟಳು. ಅವಳು ಉತ್ತರ ಕೊಡುವ ಮೊದಲೇ ಯಾಗೊದಾ ಎದ್ದು ನಿಂತಿದ್ದಳು. ಕಾಫಿಯ ತಟ್ಟೆ ಕೈಯಲ್ಲಿತ್ತು, ಮುಖ ಸುಟ್ಟ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಯಾರು ಪಾಪ? ನನ್ನ ಮಗಳಾ?" ಎಂದಳು. "ಒಳಗಿನ ಕೋಣೇಲಿ ಯಾರನ್ನ ಕೂರಿಸ್ಬೇಕು ಅಂತೀಯ ರಾದ್ಮಿಲಾ? ನನ್ನ ಮನೇಲಿ ನನ್ನ ಮಗಳನ್ನಾ? ಅವಳ ಡಾಕ್ಟರು ಯಾರು ಗೊತ್ತಾ ನಿಂಗೆ? ನಿಶ್‌ನಲ್ಲೇ ಎಲ್ಲರಿಗಿಂತ ದೊಡ್ಡೋರು! ಬೆಲ್‌ಗ್ರೇಡಿಂದ ಮಂತ್ರಿಗಳ ಮಕ್ಕಳು ಬಂದು ಸಾಲಲ್ಲಿ ನಿಲ್ತಾರೆ ಅವರ ಮುಂದೆ!"

"ಅಮ್ಮಾ, ಹಾಗೇನಿಲ್ಲ, ಅದು ವಿದ್ಯಾರ್ಥಿಗಳ ಆಸ್ಪತ್ರೆ…" ಎಂದಳು ನೆವೆನಾ.

"ನೀನು ಸುಮ್ನಿರೇ, ನಾನು ಮಾತಾಡ್ತಿದೀನಿ!" ಯಾಗೊದಾ ನೆರೆಯವರ ಕಡೆ ತಿರುಗಿದಳು. "ವಾರಕ್ಕೊಂದು ಸಲ ಬಾ ಅಂತ ಅವರೇ ಹೇಳಿದಾರೆ. ನಿಮ್ಮ ಮಕ್ಕಳು ಯಾರಾದ್ರೂ ವಾರ ವಾರ ಅಂಥವರನ್ನ ಕಂಡಿದಾರಾ? ಯಾವತ್ತು ಮಗಾ ನೀನು ಹೋಗೋದು?"

"ಗುರುವಾರ" ಎಂದಳು ನೆವೆನಾ.

"ಗಟ್ಟಿಯಾಗಿ ಹೇಳು, ನಿಮ್ಮತ್ತೆಗೆ ಕೇಳಿಸ್ಲಿಲ್ಲ."

"ಗುರುವಾರ!" ಎಂದಳು ನೆವೆನಾ. ಬೇಲಿಯಾಚೆ ಸೌದೆ ಒಡೆಯುತ್ತಿದ್ದವನು ಕೊಡಲಿ ನಿಲ್ಲಿಸಿ, ಇವತ್ತು ಶನಿವಾರ ಅಲ್ವಾ ಎಂದು ಹೆಂಡತಿಯನ್ನು ಕೇಳಿದನಂತೆ.